ತೆರೆಯದ ಯುಪಿವಿಸಿ ಕಿಟಕಿಗೆ ಕೀಲು ಕೂರಿಸಿದ್ದು

ನಮ್ಮ ಮೂರು ಪಾಲಿನ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಕಿಟಕಿಯಲ್ಲಿ ನಡುವಿನದೊಂದೇ ತೆರೆಯುತ್ತಿತ್ತು. ಎಡ, ಬಲ ಎರಡೂ ಬಿಗಿ. ಗಾಳಿ ಬರುವುದು ಎಡಗಡೆಯಿಂದ, ಗೋಡೆ ಸವರಿಕೊಂಡು. ನಡುವಿನ ಪಾಲಿನ ಕೀಲು ಕೂಡ ಎಡಗಡೆಗೇ ಇದೆ. ಹಾಗಾಗಿ ತೆರೆದ ಕೂಡಲೇ ಅದು ಗಾಳಿಗೆ ಅಡ್ಡ ನಿಲ್ಲುತ್ತದೆ. ಗಾಳಿ ಅದಕ್ಕೆ ಬಡಿದು ಕಿಟಕಿ ದಾಟಿ ಹೋಗಿಬಿಡುತ್ತದೆ. ಬಲಗಡೆಯ ಪಾಲಿಗೆ ಬಲತುದಿಯಲ್ಲಿ ಕೀಲು ಕೊಟ್ಟರೆ ಅದು ಅದೇ ಗಾಳಿಯನ್ನು ಹಿಡಿದು ಒಳಗೆ ತಿರುಗಿಸುತ್ತದೆ. ಇಡೀ ಕಿಟಕಿ ಬದಲಿಸುವ ಬದಲು ಆ ಒಂದು ಪಾಲನ್ನು ತೆರೆಯುವಂತೆ ಮಾಡೋಣ ಅಂತ ಹೊರಟೆ.

ಈ ಕೆಲಸ ಅಂದ ತಕ್ಷಣ ಎಲ್ಲರೂ ಕೀಲು ಯಾವುದು, ಹ್ಯಾಂಡಲ್ ಯಾವುದು ಅಂತ ಕೇಳುತ್ತಾರೆ. ಅವೆರಡೂ ಮುಖ್ಯವೇ. ಆದರೆ ತೆರೆಯುವ ಕಿಟಕಿ ಜೋತುಬೀಳದೆ ನಿಲ್ಲುವುದು ಒಳಗೆ ಗಾಜನ್ನು ಕೂರಿಸಿದ ರೀತಿಯಿಂದ. ಬಿಗಿ ಪಾಲಿನಲ್ಲಿ ಗಾಜು ಸುಮ್ನೆ ಕೂತಿರುತ್ತದೆ, ಅಷ್ಟೇ. ತೆರೆಯುವ ಪಾಲಿನಲ್ಲಿ ಗಾಜೇ ಚೌಕಟ್ಟನ್ನು ಎತ್ತಿ ಹಿಡಿಯಬೇಕು. ಆ ಭಾಗವನ್ನು ಮುಂದೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಕಿಟಕಿ ಯಾವ ಬಗೆಯದು ಅಂತ ನೋಡಿಕೊಳ್ಳಿ. ಬಿಗಿ ಪಾಲುಗಳಲ್ಲಿ ಎರಡು ಬಗೆ. ಒಂದರಲ್ಲಿ ಗಾಜು ನೇರವಾಗಿ ಗೋಡೆಗೆ ಕೂತ ಹೊರಚೌಕಟ್ಟಿನಲ್ಲೇ ಇರುತ್ತದೆ. ಇನ್ನೊಂದರಲ್ಲಿ ಹೊರಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು, ಅಂದರೆ ಸ್ಯಾಶ್ ಇರುತ್ತದೆ, ಗಾಜು ಅದರಲ್ಲಿ. ತೆರೆಯುವ ಪಾಲಿನ ಅಂದಕ್ಕೆ ಸರಿಹೊಂದಲಿ ಅಂತ ಕೀಲು ಇಲ್ಲದ ಸ್ಯಾಶ್ ಒಂದನ್ನು ಸ್ಕ್ರೂ ಹೊಡೆದು ಬಿಗಿದಿರುತ್ತಾರೆ. ಇದಕ್ಕೆ ಡಮ್ಮಿ ಸ್ಯಾಶ್ ಅನ್ನುತ್ತಾರೆ. ಹೊರಗಡೆಯಿಂದ ನೋಡಿದರೆ ಗೊತ್ತಾಗುತ್ತದೆ. ಪಕ್ಕದ ತೆರೆಯುವ ಪಾಲಿಗೆ ಇರುವಷ್ಟೇ ಅಗಲದ ಚೌಕಟ್ಟು, ಸುತ್ತ ಅದೇ ಮೆಟ್ಟಿಲು, ಅದೇ ಸಂದು ಇದ್ದರೆ ಅದು ಡಮ್ಮಿ ಸ್ಯಾಶ್. ಬಿಳಿ ಚೌಕಟ್ಟು ತೆಳ್ಳಗಿದ್ದು ಗಾಜು ದೊಡ್ಡದಾಗಿ ಕಂಡರೆ ಅದು ನೇರ ಗಾಜು.

ನೇರ ಗಾಜಿನದಾದರೆ ಕೆಲಸ ಬೇರೆಯೇ. ಸ್ಯಾಶ್ ಹೊಸದಾಗಿ ಮಾಡಿಸಬೇಕು. ಮೂಲೆಗಳನ್ನು ಬಿಸಿಮಾಡಿ ಬೆಸೆಯುವ ಯಂತ್ರ ಇದ್ದವರೇ ಮಾಡಬೇಕಾದ ಕೆಲಸ ಅದು. ಹೊರಚೌಕಟ್ಟಿನ ಪ್ರೊಫೈಲ್, ಅಂದರೆ ಚೌಕಟ್ಟು ಮಾಡುವ ಟೊಳ್ಳು ಪ್ಲಾಸ್ಟಿಕ್ ಪಟ್ಟಿ, ಯಾವ ಕಂಪನಿಯದೋ ಸ್ಯಾಶ್ ಕೂಡ ಅದೇ ಸರಣಿಯದಾಗಿರಬೇಕು. ಇಲ್ಲದಿದ್ದರೆ ಸಂದು ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತುವುದಿಲ್ಲ. ಗಾಜೂ ಹೊಸದು ಬೇಕು, ಏಕೆಂದರೆ ಸ್ಯಾಶ್ ಒಳಗೆ ಬಂದರೆ ಗಾಜಿನ ಅಳತೆ ಎಲ್ಲ ಕಡೆಯಿಂದಲೂ ಕಡಿಮೆಯಾಗುತ್ತದೆ. ಜೋಡಿ ಗಾಜನ್ನು ಕತ್ತರಿಸಿ ಚಿಕ್ಕದು ಮಾಡುವ ದಾರಿ ಇಲ್ಲ. ಟಫನ್ಡ್ ಗಾಜನ್ನಂತೂ ಮುಟ್ಟುವ ಹಾಗೇ ಇಲ್ಲ, ಇಡೀ ಹಾಳೆ ಪುಡಿಯಾಗುತ್ತದೆ.

ನಮ್ಮದು ಡಮ್ಮಿ ಸ್ಯಾಶ್. ಅದು ತೆರೆಯುವ ಸ್ಯಾಶಿನ ಪ್ರೊಫೈಲಿನಿಂದಲೇ ಆದದ್ದು. ಕೀಲು, ಲಾಕು ಕೂರುವ 16 ಎಂಎಂ ಅಗಲದ ಗಾಡಿ, ಅಂದರೆ ಉದ್ದನೆಯ ತೋಡು, ಅದರ ಹೊರ ಅಂಚಿನ ಸುತ್ತ ಆಗಲೇ ಇತ್ತು. ಇಷ್ಟು ವರ್ಷ ಅದನ್ನು ಯಾರೂ ಬಳಸಿರಲಿಲ್ಲ, ಅಷ್ಟೇ.

ಸಾಮಾನು ತರುವ ಮುಂಚೆ ಹೊರಗೆ ನಿಂತು ನೋಡಿಕೊಳ್ಳಬೇಕಾದ್ದು ಜಾಸ್ತಿ ಇದೆ. ಪಾಲು ಹೊರಗೆ ತೆರೆದಾಗ ಗ್ರಿಲ್ಲು, ಪೈಪು, ಸಜ್ಜೆ ಯಾವುದಕ್ಕಾದರೂ ತಾಗುತ್ತದಾ? ಜನ ಓಡಾಡುವ ದಾರಿಗೆ ತಲೆಯ ಎತ್ತರದಲ್ಲಿ ಚಾಚಿಕೊಳ್ಳುತ್ತದಾ? ಪಕ್ಕದ ಪಾಲೂ ತೆರೆದಿದ್ದಾಗ ಎರಡೂ ಒಂದಕ್ಕೊಂದು ಬಡಿಯುತ್ತವಾ? ನಮ್ಮಲ್ಲಿ ನಡುವಿನದು ಎಡಕ್ಕೆ, ಇದು ಬಲಕ್ಕೆ ತೆರೆಯುವುದರಿಂದ ತೊಂದರೆ ಇರಲಿಲ್ಲ. ಮೇಲಿನ ಮಹಡಿಯಾದರೆ ಇನ್ನೊಂದು ಯೋಚನೆಯೂ ಬೇಕು. ಇಷ್ಟು ದಿನ ಗೋಡೆಯ ಹಾಗೆ ಇದ್ದ ಜಾಗ ಇನ್ನು ಮಗು ಬೀಳಬಹುದಾದ ಜಾಗ. ಹಾಗಿದ್ದರೆ ಪಾಲು ಪೂರ್ತಿ ತೆರೆಯದಂತೆ ಹಿಡಿಯುವ ತಡೆಕೊಂಡಿಯನ್ನೂ ಪಟ್ಟಿಗೆ ಸೇರಿಸಿಕೊಂಡೇ ಹೊರಡಿ.

ಆಮೇಲೆ ಅಳತೆ. ಸ್ಯಾಶ್ 620 ಅಗಲ, 1140 ಎತ್ತರ, ಎಂಎಂ ಲೆಕ್ಕದಲ್ಲಿ. ಗಾಜು 500 ಅಗಲ, 1020 ಎತ್ತರ. ಕೀಲು ಆರಿಸಲು ತೂಕ ಗೊತ್ತಿರಬೇಕು. ಲೆಕ್ಕ ಸುಲಭ: ಒಂದು ಚದರ ಮೀಟರ್ ಗಾಜು ಪ್ರತಿ ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. ನಮ್ಮದು 4 ಎಂಎಂನ ಎರಡು ಹಾಳೆ, ನಡುವೆ ಟೊಳ್ಳು. ಒಟ್ಟು 8 ಎಂಎಂ ಗಾಜು, ಅಂದರೆ ಚದರ ಮೀಟರಿಗೆ 20 ಕೆಜಿ. ನಮ್ಮ ಅಳತೆಗೆ 10 ಕೆಜಿಯ ಮೇಲೆ ಚೂರು. ಅದಕ್ಕೆ ಸ್ಯಾಶಿನ ಪ್ಲಾಸ್ಟಿಕ್, ಒಳಗಿನ ಸ್ಟೀಲ್, ಲಾಕಿನ ತೂಕ ಸೇರಿಸಿಕೊಳ್ಳಬೇಕು.

ಇಂಥ ಕಿಟಕಿಗೆ ಬಾಗಿಲಿನ ಹಾಗೆ ಹಿಂಜು ಬರುವುದಿಲ್ಲ. ಫ್ರಿಕ್ಷನ್ ಸ್ಟೇ ಅಂತ, ಕತ್ತರಿಯಂತೆ ಮಡಚುವ ಸ್ಟೀಲ್ ಪಟ್ಟಿ ಬರುತ್ತದೆ. ಮೇಲೊಂದು, ಕೆಳಗೊಂದು. ಪಕ್ಕಕ್ಕೆ ತೆರೆಯುವ ಪಾಲಿನ ಸ್ಟೇ ಬೇರೆ, ಮೇಲಕ್ಕೆ ಎತ್ತುವ ಪಾಲಿನದು ಬೇರೆ. ನೋಡಲು ಒಂದೇ ಥರ ಕಂಡರೂ ತೋಳುಗಳ ಜಾಗ ಬೇರೆ. ಉದ್ದ 8, 10, 12, 16, 20 ಇಂಚು ಹೀಗೆ ಸಿಗುತ್ತದೆ. ಯಾವ ಉದ್ದಕ್ಕೆ ಎಷ್ಟು ಅಗಲ, ಎಷ್ಟು ತೂಕ ಅನ್ನುವ ಕೋಷ್ಟಕ ತಯಾರಕರೇ ಕೊಟ್ಟಿರುತ್ತಾರೆ; ಅದನ್ನು ನೋಡಿಯೇ ತೆಗೆದುಕೊಳ್ಳಿ. ನಾನು 16 ಇಂಚಿನದು ತಂದೆ. ಇನ್ನೊಂದು ಅಳತೆ ಮಡಚಿದಾಗಿನ ಸ್ಟೇಯ ದಪ್ಪ. ಅದು 13 ಅಥವಾ 17 ಎಂಎಂ ಇರುತ್ತದೆ. ಪಕ್ಕದ ತೆರೆಯುವ ಪಾಲಿನಲ್ಲಿ ಈಗಿರುವ ಸ್ಟೇಯನ್ನೇ ಅಳೆದರೆ ಸಂಶಯವೇ ಇರುವುದಿಲ್ಲ. ಲಾಕಿನ ಬಗೆ, ಹ್ಯಾಂಡಲ್, ಸ್ಕ್ರೂ ಎಲ್ಲಕ್ಕೂ ಆ ಪಾಲೇ ಮಾದರಿ. ಅದನ್ನು ತೆರೆದು ನಾಲ್ಕೂ ಅಂಚಿನ ಫೋಟೋ ಹಿಡಿದಿಟ್ಟುಕೊಂಡೆ.

ಕೆಲಸ ಶುರು. ಗಾಜನ್ನು ಹಿಡಿದಿರುವ ಬೀಡಿಂಗ್ ಪಟ್ಟಿಗಳು ನಮ್ಮಲ್ಲಿ ಒಳಗಡೆಗಿವೆ. ಉದ್ದದ ಪಟ್ಟಿಯ ನಡುಮಧ್ಯೆ, ಪಟ್ಟಿ ಮತ್ತು ಸ್ಯಾಶ್ ಸೇರುವ ಸಂದಿಗೆ ಗಟ್ಟಿ ಪುಟ್ಟಿ ಬ್ಲೇಡ್ ಇಟ್ಟು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬ್ಲೇಡನ್ನು ಗಾಜಿನ ಕಡೆಗೆ ವಾಲಿಸಿದರೆ ಪಟ್ಟಿ ಟಪ್ ಅಂತ ಸದ್ದು ಮಾಡಿ ಗಾಡಿಯಿಂದ ಎದ್ದು ಬರುತ್ತದೆ. ಗಾಜಿನ ಮೇಲೆ ಒತ್ತಡ ಬೀಳಕೂಡದು. ಮೂಲೆಯಿಂದ ಶುರು ಮಾಡಿದರೆ ಓರೆಯಾಗಿ ಕೊಯ್ದ ತುದಿ ಮುರಿಯುತ್ತದೆ. ಚಳಿಯಲ್ಲಿ ಈ ಪ್ಲಾಸ್ಟಿಕ್ ಗಡಸಾಗಿ ಬೇಗ ಸೀಳುವುದರಿಂದ ಬಿಸಿಲು ಬಿದ್ದ ಮೇಲೆ ಕೈ ಹಾಕುವುದು ಒಳ್ಳೆಯದು. ಒಂದೊಂದು ಪಟ್ಟಿಯ ಹಿಂದೆಯೂ ಮೇಲೆ, ಕೆಳಗೆ, ಎಡ, ಬಲ ಅಂತ ಬರೆದಿಟ್ಟೆ.

ಗಾಜನ್ನು ತೆಗೆಯಲು ಇಬ್ಬರು ಬೇಕು. ಕೈಗವಸು, ಕನ್ನಡಕ ಬೇಕೇ ಬೇಕು. ಮೇಲಿನ ಅಂಚನ್ನು ಮೊದಲು ಒಳಗೆ ವಾಲಿಸಿ, ಆಮೇಲೆ ಕೆಳಗಿನಿಂದ ಎತ್ತಿದೆವು. ಮಲಗಿಸಬೇಡಿ. ಎರಡು ಮರದ ಪಟ್ಟಿಗಳ ಮೇಲೆ ನಿಲ್ಲಿಸಿ ಗೋಡೆಗೆ ಸ್ವಲ್ಪ ಒರಗಿಸಿಡಿ. ಮೂಲೆ ಮಾತ್ರ ಯಾವುದಕ್ಕೂ ತಾಗಬಾರದು, ಗಾಜಿಗೆ ಅದೇ ದುರ್ಬಲ ಜಾಗ.

ಗಾಜು ತೆಗೆದ ಮೇಲೆ ಸ್ಯಾಶಿನ ಒಳಮೆಟ್ಟಿಲಿನಲ್ಲಿ ಸ್ಕ್ರೂಗಳ ತಲೆ ಕಂಡವು. ಅವು ಸ್ಯಾಶನ್ನು ದಾಟಿ ಹೊರಚೌಕಟ್ಟಿಗೆ ಹೋಗಿರುತ್ತವೆ. ಎಲ್ಲ ಬಿಚ್ಚಿದ ಮೇಲೂ ಸ್ಯಾಶ್ ಅಲುಗಾಡಲಿಲ್ಲ, ಏಕೆಂದರೆ ಹೊರಗಡೆ ಸುತ್ತ ಸಿಲಿಕೋನ್ ಹಚ್ಚಿದ್ದರು. ಅದನ್ನು ತೆಳ್ಳನೆಯ ಬ್ಲೇಡಿನಿಂದ ಕೊಯ್ದು, ಒಳಗಿನಿಂದ ಅಂಗೈಯಲ್ಲಿ ಒತ್ತಿದಾಗ ಬಿಟ್ಟುಕೊಂಡಿತು. ಇಂಥ ಸ್ಯಾಶ್ ಹೊರಗಡೆಗೇ ಬರುತ್ತದೆ. ಹಾಗಾಗಿ ಒತ್ತುವ ಮುಂಚೆಯೇ ಅದಕ್ಕೊಂದು ಹಗ್ಗ ಕಟ್ಟಿ ಒಳಗೆ ಬಿಗಿದಿದ್ದೆ. ಬಿಟ್ಟುಕೊಂಡ ಮೇಲೆ ಓರೆ ಮಾಡಿ ಒಳಗೆ ತಂದೆ.

ಈಗ ಹೊರಚೌಕಟ್ಟು ಬರಿದಾಗಿದೆ. ಕೆಳಪಟ್ಟಿಯಲ್ಲಿ ನೀರು ಹೋಗಲು ಇರುವ ಕಂಡಿಗಳಲ್ಲಿ ಧೂಳು, ಹಳೇ ಸಿಲಿಕೋನ್ ತುಂಬಿತ್ತು. ಅದನ್ನೆಲ್ಲ ಕೆರೆದು, ಒಂದು ಲೋಟ ನೀರು ಸುರಿದು ಹೊರಗೆ ಇಳಿಯುತ್ತದಾ ಅಂತ ನೋಡಿದೆ. ಯುಪಿವಿಸಿ ಕಿಟಕಿ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ನುಗ್ಗಿದ ಅಷ್ಟಿಷ್ಟು ನೀರನ್ನು ಕೆಳಗಿನಿಂದ ಹೊರಗೆ ಕಳಿಸುತ್ತದೆ. ಅದರ ರಚನೆಯೇ ಹಾಗೆ. ಕಂಡಿ ಕಟ್ಟಿದರೆ ಆ ನೀರು ಕೋಣೆಗೇ ಬರುತ್ತದೆ. ಬಿಚ್ಚಿದ ಸ್ಕ್ರೂಗಳ ತೂತುಗಳನ್ನೂ ನ್ಯೂಟ್ರಲ್ ಸಿಲಿಕೋನ್ ತುಂಬಿ ಮುಚ್ಚಿದೆ. ಕೆಳಪಟ್ಟಿಯದನ್ನಂತೂ ಬಿಡಲೇಬಾರದು, ಒಳಗಿನ ಸ್ಟೀಲಿಗೆ ನೀರು ಸೇರಿದರೆ ತುಕ್ಕು ಹಿಡಿಯುತ್ತದೆ. ಗ್ಯಾಸ್ಕೆಟ್ ಕೂಡ ವರ್ಷಗಟ್ಟಲೆ ಒತ್ತಿಕೊಂಡು ಚಪ್ಪಟೆಯಾಗಿತ್ತು. ಚೂರು ಕತ್ತರಿಸಿ ಮಾದರಿಗೆ ಇಟ್ಟುಕೊಂಡು ಅದೇ ಆಕಾರದ್ದು ಹಾಕಿದೆ. ಎಳೆದೆಳೆದು ಹಾಕಬೇಡಿ. ಎಳೆದ ರಬ್ಬರ್ ಆಮೇಲೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಜೋಡಣೆ ಬರುವುದಾದರೆ ಮೇಲ್ಪಟ್ಟಿಯ ನಡುವೆ ಬರಲಿ.

ಲಾಕಿನ ವಿಷಯಕ್ಕೆ ಬಂದರೆ ಎರಡು ದಾರಿ. ಒಂದು, ಹ್ಯಾಂಡಲಿನ ಮೂತಿಯೇ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಸಾದಾ ಬಗೆ. ಕೊರೆಯುವ ಕೆಲಸ ಕಡಿಮೆ, ಆದರೆ ಅದು ಹಿಡಿಯುವುದು ಒಂದೇ ಜಾಗದಲ್ಲಿ. ಒಂದು ಮೀಟರಿಗಿಂತ ಎತ್ತರದ ಪಾಲಿಗೆ ಅದು ಸಾಲದು, ಮೇಲಿನ ಕೆಳಗಿನ ಮೂಲೆಗಳು ಸಡಿಲವಾಗಿಯೇ ಉಳಿಯುತ್ತವೆ. ಇನ್ನೊಂದು, ಗಾಡಿಯೊಳಗೆ ಉದ್ದಕ್ಕೆ ಕೂರುವ ಲಾಕ್ ಪಟ್ಟಿ. ಹ್ಯಾಂಡಲ್ ತಿರುಗಿಸಿದರೆ ಪಟ್ಟಿ ಜಾರಿ, ಅದರ ಮೇಲಿನ ಅಣಬೆಯಾಕಾರದ ಗುಬ್ಬಿಗಳು ಚೌಕಟ್ಟಿನ ಕೊಂಡಿಗಳಿಗೆ ಸಿಕ್ಕಿ ಪಾಲನ್ನು ಒಳಗೆಳೆಯುತ್ತವೆ. ನಾನು ಇದನ್ನೇ ಆರಿಸಿದೆ.

ಇದರಲ್ಲಿ ಕಷ್ಟ ಇರುವುದು ನಡುವಿನ ಗೇರ್‌ಪೆಟ್ಟಿಗೆಯದು. ಅದು ಗಾಡಿಗಿಂತ ಆಳ, ಹಾಗಾಗಿ ಗಾಡಿಯ ತಳದಲ್ಲಿ ಅದರ ಅಳತೆಯ ಕಿಂಡಿ ಕೊರೆಯಬೇಕು. ಗಾಡಿಯಿಂದ ಹ್ಯಾಂಡಲಿನ ಚೌಕದ ತೂತಿನ ನಡುವಿಗೆ ಎಷ್ಟು ದೂರ ಅನ್ನುವುದು ಲಾಕಿನ ಮೇಲೇ ಇರುತ್ತದೆ, 20 ಅಥವಾ 22 ಎಂಎಂ ಸಾಮಾನ್ಯ. ಮೂಲೆಮಟ್ಟ ಇಟ್ಟು ಗುರುತು ಹಾಕಿ, ಸಾಲಾಗಿ ಚಿಕ್ಕ ತೂತು ಕೊರೆದು, ನಡುವಿನ ಉಳಿಕೆಯನ್ನು ಅರದಿಂದ ಉಜ್ಜಿ ತೆಗೆದೆ. ಒಳಗೆ ಸ್ಟೀಲ್ ಇತ್ತು. ಅದು ಬಂದಾಗ ಡ್ರಿಲ್ ವೇಗ ಇಳಿಸಿ, ಲೋಹದ ಬಿಟ್ ಹಾಕಿ, ಮೆಲ್ಲಗೆ ಹೋಗಬೇಕು. ಜೋರು ಮಾಡಿದರೆ ಬಿಸಿಗೆ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ. ಕೊರೆದ ಮೇಲೆ ಸ್ಟೀಲ್ ಪುಡಿಯನ್ನು ಒಂದು ಕಣವೂ ಉಳಿಯದಂತೆ ಬ್ರಷ್ ಹಾಕಿ ತೆಗೆಯಿರಿ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಅದು ತುಕ್ಕು ಹಿಡಿದರೆ ಕಂದು ಕಲೆ ಹೋಗುವುದಿಲ್ಲ. ಹ್ಯಾಂಡಲಿಗೆ ಒಳಮುಖದಿಂದ ಮೂರು ತೂತು: ನಡುವೆ 7 ಎಂಎಂ ಚೌಕ ಕಡ್ಡಿ ಹಾಯುವಷ್ಟು, ಅದರ ಮೇಲೊಂದು ಕೆಳಗೊಂದು ಸ್ಕ್ರೂಗಳಿಗೆ, ಆ ಎರಡು ಸ್ಕ್ರೂಗಳ ನಡುವೆ 43 ಎಂಎಂ ಅಂತರ. ಲಾಕ್ ಪಟ್ಟಿಯ ಉದ್ದ ಜಾಸ್ತಿಯಾದರೆ ತುದಿಯನ್ನು ಹ್ಯಾಕ್ಸಾದಲ್ಲಿ ಕತ್ತರಿಸಬಹುದು, ಆದರೆ ಕತ್ತರಿಸಲು ಅವಕಾಶ ಇರುವ ಬಗೆಯದೇ ಅಂತ ನೋಡಿಕೊಂಡು.

ಸ್ಟೇಗಳನ್ನು ಮೊದಲು ಸ್ಯಾಶಿಗೆ ಹಾಕಿದೆ. ಕೀಲಿನ ಬದಿಯ ಮೂಲೆಗೆ ಒತ್ತಿಕೊಂಡು ಗಾಡಿಯಲ್ಲಿ ಕೂರಿಸಿ, 3 ಎಂಎಂ ತೂತು ಮಾಡಿ, ಸ್ಟೇನ್‌ಲೆಸ್ ಸ್ಕ್ರೂ ಹಾಕುವುದು. ಆಮೇಲೆ ಖಾಲಿ ಸ್ಯಾಶನ್ನು ಕಿಟಕಿಗೆ ಒಯ್ದು, ಒಬ್ಬರು ಹಿಡಿದುಕೊಂಡಿರುವಾಗ ಸ್ಟೇಯ ಇನ್ನೊಂದು ಪಟ್ಟಿಯನ್ನು ಹೊರಚೌಕಟ್ಟಿಗೆ ಬಿಗಿದೆ. ಮೊದಲು ಉದ್ದ ತೂತಿಗೆ ಮಾತ್ರ ಒಂದೊಂದು ಸ್ಕ್ರೂ. ಹಾಗೆ ಮಾಡಿದರೆ ಚೂರು ಆಚೀಚೆ ಜರುಗಿಸಬಹುದು. ಮುಚ್ಚಿ ನೋಡಿ ನಾಲ್ಕೂ ಕಡೆ ಸ್ಯಾಶ್ ಚೌಕಟ್ಟಿನ ಮೇಲೆ ಸಮನಾಗಿ ಕೂತಿದೆಯಾ ಅಂತ ಅಳೆದೆ. ಮುಚ್ಚುವಾಗ ಸ್ಟೇಯ ಚೂಪು ತುದಿ ಅದರ ಪ್ಲಾಸ್ಟಿಕ್ ಟೋಪಿಯೊಳಗೆ ತಡೆಯಿಲ್ಲದೆ ಸೇರಬೇಕು. ಸರಿ ಅನಿಸಿದ ಮೇಲೆ ಉಳಿದ ಸ್ಕ್ರೂ.

ಖಾಲಿ ಸ್ಯಾಶ್ ತುಂಬಾ ಚೆನ್ನಾಗಿ ತೆರೆದು ಮುಚ್ಚುತ್ತದೆ. ಅಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳುವಂತಿಲ್ಲ. ಇನ್ನೂ 10 ಕೆಜಿ ಒಳಗೆ ಬರಬೇಕು.

ಬಿಗಿ ಪಾಲಿನಲ್ಲಿ ಗಾಜಿನ ಕೆಳಗೆ ಎರಡು ಪ್ಲಾಸ್ಟಿಕ್ ತುಂಡು, ಅಂದರೆ ಪ್ಯಾಕರ್ ಇಟ್ಟಿರುತ್ತಾರೆ, ಎಡಕ್ಕೊಂದು ಬಲಕ್ಕೊಂದು. ಭಾರ ನೇರ ಕೆಳಗಿನ ಚೌಕಟ್ಟಿಗೆ ಇಳಿಯುತ್ತದೆ. ಪಾಲು ತೆರೆದಾಗ ಕೆಳಗೆ ಚೌಕಟ್ಟೇ ಇರುವುದಿಲ್ಲ ಅಲ್ವಾ? ಆಗ ಎಲ್ಲ ಭಾರ ಕೀಲಿನ ಬದಿಗೆ ಬರುತ್ತದೆ. ಲಾಕಿನ ಬದಿಯ ಮೂಲೆ ಕೆಳಗೆ ಜಗ್ಗುತ್ತದೆ, ಆಯತ ಓರೆಯಾಗುತ್ತದೆ. ಪ್ಲಾಸ್ಟಿಕ್ ಸ್ಯಾಶಿಗೆ ಇದನ್ನು ತಡೆಯುವಷ್ಟು ಬಿಗಿ ಇಲ್ಲ. ಆದರೆ ಗಾಜು ಓರೆಯಾಗುವ ವಸ್ತುವಲ್ಲ. ಹಳೇ ಮರದ ಗೇಟುಗಳಿಗೆ ಮೂಲೆಯಿಂದ ಮೂಲೆಗೆ ಅಡ್ಡಪಟ್ಟಿ ಹೊಡೆದಿರುತ್ತಾರಲ್ಲ, ಇಲ್ಲಿ ಆ ಪಟ್ಟಿಯ ಕೆಲಸವನ್ನು ಗಾಜು ಮಾಡಬೇಕು.

ಹೇಗೆ ಅಂದರೆ, ಕೀಲಿನ ಬದಿಯ ಕೆಳಮೂಲೆಯಲ್ಲಿ ಪ್ಯಾಕರ್ ಇಟ್ಟು ಗಾಜಿನ ಭಾರ ಅಲ್ಲಿಗೆ ಇಳಿಸುವುದು. ಅದರ ಎದುರು, ಲಾಕಿನ ಬದಿಯ ಮೇಲಿನ ಮೂಲೆಯಲ್ಲಿ ಇನ್ನೊಂದು ಪ್ಯಾಕರ್ ತುರುಕಿ ಸ್ಯಾಶನ್ನು ಗಾಜಿಗೆ ತೂಗುಹಾಕುವುದು. ನಮ್ಮದರಲ್ಲಿ ಕೀಲು ಬಲಕ್ಕೆ. ಹಾಗಾಗಿ ಬಲ ಕೆಳಮೂಲೆ, ಎಡ ಮೇಲ್ಮೂಲೆ. ಆ ಎರಡೂ ಮೂಲೆಗಳಲ್ಲಿ ಅಡ್ಡಕ್ಕೊಂದು, ನಿಲುವಿಗೊಂದು, ಹೀಗೆ ಎರಡೆರಡು ಪ್ಯಾಕರ್.

ಗಾಜನ್ನು ಕೆಳಗಿನ ಪ್ಯಾಕರ್ ಮೇಲೆ ಕೂರಿಸಿ, ಬೀಳದಂತೆ ಮೇಲೊಂದು ತುಂಡು ಬೀಡಿಂಗ್ ಸಿಕ್ಕಿಸಿ, ಪಾಲನ್ನು ಸ್ವಲ್ಪವೇ ತೆರೆದು ಮುಚ್ಚಿ ನೋಡಿದೆ. ಲಾಕಿನ ಬದಿಯ ಕೆಳಮೂಲೆ ಚೌಕಟ್ಟಿನ ಅಂಚಿಗೆ ಕರ್ ಅಂತ ಉಜ್ಜಿತು. ಆಮೇಲೆ ಎಡ ಮೇಲ್ಮೂಲೆಯ ಸಂದಿಗೆ ಚಪ್ಪಟೆ ನೈಲಾನ್ ಸನಿಕೆ ಹಾಕಿ ಮೀಟಿದೆ. ಸನಿಕೆ ಗಾಜನ್ನು ಕೆಳಗೂ ಸ್ಯಾಶಿನ ಮೇಲ್ಪಟ್ಟಿಯನ್ನು ಮೇಲಕ್ಕೂ ದೂಡುತ್ತದೆ. ಆ ಬಿಗಿ ಬಿಡದಂತೆ ಸಂದಿಗೆ 3 ಎಂಎಂ ಪ್ಯಾಕರ್ ಜಾರಿಸಿದೆ, ಸಾಲಲಿಲ್ಲ. ಜೊತೆಗೆ 1 ಎಂಎಂ. ಕಣ್ಣೆದುರೇ ಆ ಬದಿಯ ಅಂಚು ಮೇಲೇರಿತು. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡೂ ಕರ್ಣ ಹೆಚ್ಚುಕಡಿಮೆ ಸಮ. ನಾನು ಲಾಕಿನ ಬದಿಯನ್ನು ಸಮಕ್ಕಿಂತ ಒಂದೆರಡು ಎಂಎಂ ಮೇಲೆಯೇ ಬಿಟ್ಟೆ. ಭಾರಕ್ಕೆ ಎಲ್ಲ ಕೂತುಕೊಂಡಾಗ ಅದು ಸಮಕ್ಕೆ ಬರುತ್ತದೆ.

ಪ್ಯಾಕರ್ ಬಗ್ಗೆ ಇನ್ನೂ ಎರಡು ಮಾತು. ಅದರ ಅಗಲ ಎರಡೂ ಗಾಜಿನ ಹಾಳೆಗೆ ಆಸರೆ ಕೊಡಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ನಡುವಿನ ಅಂಟು ಹರಿಯುತ್ತದೆ, ಆಮೇಲೆ ಗಾಜಿನೊಳಗೆ ಮಂಜು ಕಟ್ಟುತ್ತದೆ. ಸರಿಯಾಗಿ ಮೂಲೆಯ ತುದಿಗೇ ಇಡಬಾರದು, ಅಂಗೈ ಅಗಲದಷ್ಟು ಈಚೆಗೆ ಇಡಬೇಕು. ಕೆಳಗಿನ ಪ್ಯಾಕರ್ ನೀರಿನ ಕಂಡಿಯನ್ನು ಮುಚ್ಚಲೂಬಾರದು. ಡಮ್ಮಿ ಸ್ಯಾಶಿಗೆ ಕೆಳಗೆ ಕಂಡಿಯೇ ಇಲ್ಲದಿರುವುದೂ ಉಂಟು. ಹಾಗಿದ್ದರೆ ಗಾಜು ಕೂರಿಸುವ ಮುಂಚೆಯೇ ಕೊರೆಯಬೇಕು.

ಬೀಡಿಂಗ್ ಹಾಕುವಾಗ ಚಿಕ್ಕವು ಮೊದಲು. ಉದ್ದದವನ್ನು ಬಿಲ್ಲಿನಂತೆ ಬಾಗಿಸಿ ಎರಡೂ ತುದಿ ಮೂಲೆಗೆ ಸೇರಿಸಿ, ನಡುವೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಗಾಡಿಗೆ ಬೀಳುತ್ತದೆ.

ಚೌಕಟ್ಟಿನ ಕೊಂಡಿಗಳನ್ನು ಕೊನೆಗೆ ಉಳಿಸಿಕೊಂಡಿದ್ದೆ. ಗಾಜು ಕೂತು ಪಾಲು ತನ್ನ ನಿಜವಾದ ಜಾಗಕ್ಕೆ ಬಂದ ಮೇಲೆಯೇ ಗುಬ್ಬಿಗಳು ಎಲ್ಲಿ ಬೀಳುತ್ತವೆ ಅನ್ನುವುದು ಖಚಿತ. ಗುಬ್ಬಿಗಳ ಎತ್ತರವನ್ನು ಪೆನ್ಸಿಲಿನಲ್ಲಿ ಚೌಕಟ್ಟಿಗೆ ಇಳಿಸಿ, ಕೊಂಡಿಗೆ ಒಂದೇ ಸ್ಕ್ರೂ ಹಾಕಿ ಲಾಕ್ ಮಾಡಿ ನೋಡಿ, ಆಮೇಲೆ ಎರಡನೆಯದು. ಮುಚ್ಚಿದಾಗ ಗ್ಯಾಸ್ಕೆಟ್ ಎಲ್ಲ ಕಡೆ ಒತ್ತುತ್ತದಾ ಅನ್ನುವುದಕ್ಕೆ ಕಾಗದದ ಪರೀಕ್ಷೆ: ಸಂದಿಗೆ ಕಾಗದದ ಚೂರು ಇಟ್ಟು ಲಾಕ್ ಮಾಡಿ ಎಳೆಯುವುದು. ಸುತ್ತ ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಎಡ ಮೇಲ್ಮೂಲೆಯಲ್ಲಿ ಕಾಗದ ಸಲೀಸಾಗಿ ಬಂತು. ಅಲ್ಲಿನ ಗುಬ್ಬಿಯನ್ನು ಅಲೆನ್ ಕೀಲಿಯಿಂದ ಚೂರು ತಿರುಗಿಸಿದೆ. ಅದರ ನಡು ಒಂದು ಬದಿಗಿರುವುದರಿಂದ ತಿರುಗಿಸಿದಂತೆ ಎಳೆತ ಹೆಚ್ಚುತ್ತದೆ. ಆಮೇಲೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು, ಕಂಡಿಗಳಿಂದ ಇಳಿಯುವುದನ್ನು ನೋಡಿ, ಒಳಗೆ ಒಣಗಿದ ಬಟ್ಟೆಯಿಂದ ಮೂಲೆಗಳನ್ನು ಒರೆಸಿ ಪರೀಕ್ಷಿಸಿದೆ. ಒಣಗಿಯೇ ಇತ್ತು.

ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ. ಈ ಪ್ಲಾಸ್ಟಿಕ್ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ: 30 ಡಿಗ್ರಿ ಏರಿದರೆ ಒಂದು ಮೀಟರ್ ಉದ್ದಕ್ಕೆ ಎರಡು ಎಂಎಂಗೂ ಮೇಲೆ. ತಂಪು ಹೊತ್ತಿನಲ್ಲಿ ಸರಿಯಾಗಿ ಮುಚ್ಚುವ ಪಾಲು ಮಧ್ಯಾಹ್ನದ ಬಿಸಿಲಿನಲ್ಲಿ ಚೌಕಟ್ಟಿಗೆ ತಾಗಿದರೆ, ಪ್ಯಾಕರಿನಲ್ಲಿ 1 ಎಂಎಂ ಆಚೀಚೆ ಮಾಡಿದರೆ ಸಾಕು. ಗಾಳಿಗೆ ಪಾಲು ತಾನಾಗಿ ಜರುಗಿದರೆ ಸ್ಟೇಯ ಜಾರುವ ತುಂಡಿನ ಮೇಲಿರುವ ಹಿತ್ತಾಳೆ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ಮೇಲೂ ಕೆಳಗೂ ಒಂದೇ ಸಮ. ಆ ಜಾರುವ ಜಾಗಕ್ಕೆ ಎಣ್ಣೆ ಹಾಕಬೇಡಿ, ಅಲ್ಲಿನ ಹಿಡಿತವೇ ಪಾಲನ್ನು ತೆರೆದಲ್ಲಿ ನಿಲ್ಲಿಸುವುದು. ಎಣ್ಣೆ ಬೇಕಿರುವುದು ಲಾಕಿನ ಗೇರಿಗೆ ಮತ್ತು ಗುಬ್ಬಿಗಳಿಗೆ.